ಗಂಗಾಬಾಯಿ ಕಾಪಾಡಿದ ಬಿಲ್ಲುಗಳು

ಪಟಾನ್‌ಚೆರುವಿನ ಗಂಗಾಬಾಯಿಗೆ ಕಾಗದವೆಂದರೆ ಪ್ರಾಣ. ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು, ಕೊನೆಗೆ ಗ್ಯಾಸಿನ ಚೀಟಿಯನ್ನೂ ಬಿಡದೆ ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿ ಇಟ್ಟವಳು. ಬೀದರ್ ಕಡೆಯಿಂದ ಬಂದು ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿ ಅಲೆದವರಿಗೆ ಕಾಗದವೇ ಆಸ್ತಿ, ನಗುವವರು ನಗಲಿ. ಆದರೆ ಈ ಸಲ ಆ ಜಾಣತನವೇ ಅವಳ ಕುತ್ತಿಗೆಗೆ ಬಂದಿತ್ತು.

ಗಂಡ ಸೂಗಪ್ಪ ಇಲ್ಲಿಯ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದವನು, ಎರಡು ವರ್ಷದಿಂದ ಜರ್ಮನಿಯಲ್ಲಿ ಅದೇ ಕೆಲಸಕ್ಕಿದ್ದ. ಅಲ್ಲಿ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುತ್ತಾರೆ. ಕೆಲಸಕ್ಕೆಂದು ಕೊಂಡ ಬೂಟು, ಕೈಗವಸು, ಓಡಾಟದ ಖರ್ಚು ತೋರಿಸಿದರೆ ಪರದೇಶದ ಕೆಲಸಗಾರನಿಗೂ ಒಂದಿಷ್ಟು ತಿರುಗಿ ಬರುತ್ತದೆ. ಆ ಹಣ ಬಂದರೆ ಮಗಳು ವಿಜಯಶ್ರೀಯ ನರ್ಸಿಂಗ್ ಫೀಸು ತೀರಿ ಸೂಗಪ್ಪ ಮೇ ತಿಂಗಳಲ್ಲಿ ಮನೆಗೆ. ಬರದಿದ್ದರೆ ಇನ್ನೊಂದು ವರ್ಷದ ಕೆಲಸದ ಕರಾರಿಗೆ ಸಹಿ. ರೂಮು ಬದಲಾಯಿಸುವಾಗ ಕಳೆದಾವೆಂದು ಬಿಲ್ಲುಗಳನ್ನೆಲ್ಲ ರಜೆಗೆ ಬರುತ್ತಿದ್ದ ಗೆಳೆಯ ಬಸವಲಿಂಗಪ್ಪನ ಕೈಲಿ ಕಳಿಸಿ, ಜೋಪಾನ ಎಂದು ಹೇಳಿದ್ದ.

ಜೋಪಾನಕ್ಕೆ ಅವಳಿಗೆ ಗೊತ್ತಿದ್ದುದು ಒಂದೇ ದಾರಿ. ಖರ್ಚು ಉಳಿಯಲೆಂದು ಎಲ್ಲ ಬಿಲ್ಲುಗಳನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಒತ್ತಾಗಿ ಜೋಡಿಸಿ ಲ್ಯಾಮಿನೇಷನ್ ಅಂಗಡಿಗೆ ಕೊಟ್ಟಳು. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು. ಯಂತ್ರದಿಂದ ಆಚೆ ಬಂದಾಗ ರೊಟ್ಟಿ ಹಂಚಿನ ತಳದಂತೆ ಕರ್ರಗಾಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಮೂರು ತಿಂಗಳು ಬಾಯಿ ಬಿಡಲಿಲ್ಲ. ನಿನ್ನೆ ಸೂಗಪ್ಪ, ಕೊನೇ ತಾರೀಖು ಬಂತು, ನಾಳೆ ಬಿಲ್ಲುಗಳ ಫೋಟೊ ಕಳಿಸು ಎಂದಿದ್ದ. ಇವತ್ತು ಬೆಳಗಿನಿಂದ ಅವಳ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ರೊಟ್ಟಿ ಬಡಿಯಲು ಕೂತರೆ ಎರಡು ಸುಟ್ಟವು. ಗುಡಿಸಿದ ಮನೆಯನ್ನೇ ಮತ್ತೆ ಗುಡಿಸಿದಳು. ಟ್ರಂಕು ತೆರೆದಳು, ಮುಚ್ಚಿದಳು.

"ಅವ್ವಾ, ಒಂದ್ ಕಡೆ ಕುಂದ್ರು," ಎಂದಳು ವಿಜಯಶ್ರೀ.

ಮಧ್ಯಾಹ್ನ ವಿಡಿಯೊದಲ್ಲಿ ಸೂಗಪ್ಪನ ಮುಖ ಕಂಡದ್ದೇ ಅವಳು ಕಪ್ಪು ಹಾಳೆಯನ್ನು ಎತ್ತಿ ಹಿಡಿದಳು. "ನಾನೇ ಹಾಳು ಮಾಡೀನ್ರಿ. ಬೈರಿ."

ಅವನು ಬೈಯಲಿಲ್ಲ. ಕೊರಳಿನ ಮಫ್ಲರ್ ಎಳೆದುಕೊಂಡು ಹೇಳಿದ: "ಬ್ಯಾಂಕಿನ ಪಟ್ಟಿ ಐತಿ. ತಾರೀಖು, ಅಂಗಡಿ ಹೆಸರು ಅದಾವ. ಏನ್ ತಗೊಂಡೆ ಅಂತ ಬರದು ಕೊಟ್ಟರ ಒಪ್ತಾರೇನೋ, ಕೇಳಬೇಕು. ಆದ್ರ ನನಗ ಯಾವ್ದೂ ನೆನಪಿಲ್ಲ."

"ನನಗ ಐತಿ," ಎಂದು ಅವಳು ಗೋಡೆಯಲ್ಲಿ ಇನ್ನೂ ತೂಗುತ್ತಿದ್ದ ಹೋದ ವರ್ಷದ ಕ್ಯಾಲೆಂಡರ್ ಕಿತ್ತು ತಂದಳು. ಹಾಲಿನ ಲೆಕ್ಕ ಬರೆಯುವ ತಾರೀಖಿನ ಚೌಕಗಳಲ್ಲೇ ಅವನು ಫೋನಿನಲ್ಲಿ ಹೇಳಿದ್ದನ್ನೂ ಬರೆಯುವುದು ಅವಳ ರೂಢಿ. ದೂರದ ಗಂಡನ ದಿನ ಹೇಗೆ ಕಳೆಯಿತು ಎಂಬುದಕ್ಕೆ ಅವಳಲ್ಲಿದ್ದುದು ಅದೊಂದೇ.

ಅವನು ತಾರೀಖು ಓದಿದ; ಇವಳು ಬೂಟು, ಬಸ್ ಪಾಸು, ಕನ್ನಡಕ ಎಂದಳು. ಒಂದೊಂದಾಗಿ ಕೂಡಿ ಬರುತ್ತಿದ್ದಂತೆ ಅವಳ ಎದೆ ಹಗುರಾಯಿತು.

"ಮಾರ್ಚ್ ಒಂಬತ್ತು, ಔಷಧಿ ಅಂಗಡಿ. ಹನ್ನೆರಡು, ಔಷಧಿ ಅಂಗಡಿ. ಹದಿನಾರು..." ಅವನು ತಟ್ಟನೆ ನಿಂತ. "ಅದು ಬಿಡು. ಮುಂದಿಂದು ನೋಡು."

ಅವಳು ಮುಂದಿನದನ್ನು ನೋಡಲಿಲ್ಲ. ಮಾರ್ಚ್ ಎಂಟರ ಚೌಕದಲ್ಲಿ ಅವಳದೇ ಅಕ್ಷರ: ಫೋನಿನ ಕ್ಯಾಮೆರಾ ಕೆಟ್ಟಿದೆಯಂತೆ. ಅಲ್ಲಿಂದ ಇಡೀ ತಿಂಗಳು ಬರೀ ದನಿ. ಏಪ್ರಿಲ್‌ನಲ್ಲಿ ಮುಖ ಕಂಡಾಗ ಕೊರಳಿಗೆ ಮಫ್ಲರ್ ಬಂದಿತ್ತು, ಬೇಸಿಗೆಯಲ್ಲೂ ಇಳಿದಿರಲಿಲ್ಲ. ಚಳಿಯ ದೇಶ ಎಂದು ಅವಳು ನಂಬಿದ್ದಳು.

"ಮಫ್ಲರ್ ತೆಗೀರಿ," ಎಂದಳು.

"ಏನಿಲ್ಲ, ಒಂದೀಟು ಕಿಡಿ ಸಿಡದಿತ್ತು..."

"ತೆಗೀರಿ."

ಕಿವಿಯ ಕೆಳಗಿನಿಂದ ಹೆಗಲವರೆಗೆ ಚರ್ಮ ಸುಕ್ಕುಗಟ್ಟಿ ಕೆಂಪಗಿತ್ತು. ಗಂಗಾಬಾಯಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಬೆರಳಿನಿಂದ ಫೋನಿನ ಗಾಜನ್ನು ಸವರಿದಳು.

"ರೊಕ್ಕ ಬರಲಿ, ಬಿಡಲಿ, ಸಹಿ ಮಾಡಬ್ಯಾಡ್ರಿ. ಫೀಸು ನಾನು ಇಲ್ಲೇ ಮಿಯಾಪುರದ ಮನಿಗಳಿಗೆ ರೊಟ್ಟಿ ಮಾಡಿ ಕೊಟ್ಟು ಕಟ್ತೀನಿ. ಮೇ ತಿಂಗಳಾಗ ಬರ್ರಿ."

ಅವನು ಹೂಂ ಅನ್ನುವವರೆಗೂ ಅವಳು ಫೋನು ಇಡಲಿಲ್ಲ.