ಅನುಮಾನದಕ್ಕ ಮತ್ತು ಕನ್ನಡಕದ ಡಬ್ಬಿ

ಬೆಳಗಿನ ಬೆಳಕು ಇನ್ನೂ ಕಿಟಕಿಯ ಸರಳು ದಾಟಿಲ್ಲ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಐವತ್ತು ಮೀರಿದ ಹೆಂಗಸೊಬ್ಬರು ಕಪಾಟಿನ ಮುಂದೆ ನಿಂತು, ಒಂದೊಂದು ಡಬ್ಬಿಯ ಹೆಸರಿನ ಕೆಳಗೂ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಾರೆ. ಈ ಡಬ್ಬಿಗಳನ್ನು ನಿನ್ನೆ ಜೋಡಿಸಿದವರೂ ಅವರೇ. ಆದರೂ ಕಳ್ಳನನ್ನು ಹುಡುಕುವವರ ಹಾಗೆ ಓದುತ್ತಾರೆ.

"ಕಣ್ಣು ಸುಳ್ಳು ಹೇಳುತ್ತೆ. ಇರೋದನ್ನ ನೋಡಲ್ಲ, ಇರಬೇಕಾದ್ದನ್ನ ನೋಡುತ್ತೆ. ಅದಕ್ಕೇ ಬಾಯಿ, ಕಿವಿ ಎರಡನ್ನೂ ಕಾವಲಿಗೆ ಹಾಕಿರ್ತೀನಿ" ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಅವರಿಗೆ 'ಅನುಮಾನದಕ್ಕ' ಎಂದೇ ಹೆಸರು. ನರ್ಸುಗಳು ಎದುರಿಗೇ ಹಾಗೆ ಕರೆಯುತ್ತಾರೆ, ಡಾಕ್ಟರುಗಳು ಬೆನ್ನ ಹಿಂದೆ. ಮನೆಯಲ್ಲೂ ಬಿಡುಗಡೆಯಿಲ್ಲ. "ಉಪ್ಪಿನ ಡಬ್ಬಿ ಕೈಗೆ ಕೊಟ್ಟರೂ ಮೊದಲು ನೆಕ್ಕಿ ನೋಡ್ತಾಳೆ, ಆಮೇಲೆ ನನ್ನ ಮುಖ ನೋಡ್ತಾಳೆ" ಎಂದು ಡ್ರಾಯಿಂಗ್ ಮೇಷ್ಟ್ರಾದ ಗಂಡ ಹೇಳುತ್ತಾರಂತೆ. ಆಸ್ಪತ್ರೆಯಲ್ಲಿ ಇಷ್ಟು ವರ್ಷ ದುಡಿದ ಮೇಲೂ, ಅದನ್ನು ಔಷಧದ ಅಂಗಡಿಯೆಂದೇ ತಿಳಿದಿರುವ ನಾದಿನಿ ಕೇಳುವುದು ಒಂದೇ ಪ್ರಶ್ನೆ: "ಅಂಗಡಿ ವ್ಯಾಪಾರ ಹೇಗಿದೆ ಅತ್ತಿಗೆ?"

ಒಂಬತ್ತಕ್ಕೆ ಕಿಟಕಿ ತೆರೆದರೆ ಸಂಜೆಯೊಳಗೆ ಸುಮಾರು ನಾನೂರು ಚೀಟಿಗಳು ಬರುತ್ತವೆ. ನಿಂತು ನಿಂತು ಕಾಲಿನ ನರಗಳು ಗಂಟು ಕಟ್ಟಿವೆ. ಮಂಡಿಯವರೆಗೆ ಬಿಗಿಯಾದ ಕಾಲುಚೀಲ ಹಾಕುತ್ತಾರೆ. ಸಾಲಿನಲ್ಲಿ ಬೈಗುಳಕ್ಕೇನೂ ಬರವಿಲ್ಲ. ಇದರ ನಡುವೆಯೇ ಫಾರ್ಮಸಿ ಕಾಲೇಜಿನ ಮೂವರು ವಿದ್ಯಾರ್ಥಿಗಳು ಅವರ ಬಳಿ ಕೆಲಸ ಕಲಿಯುತ್ತಿದ್ದಾರೆ. ಪಾಠ ಶುರುವಾಗುವುದು ಕೇಳಬಾರದ ಒಂದು ಪ್ರಶ್ನೆಯಿಂದ.

"'ಮಾತ್ರೆ ಸರಿಯಾಗಿ ತಗೋತಿದೀರಾ?' ಅಂತ ಮಾತ್ರ ಕೇಳಬೇಡಿ" ಎನ್ನುತ್ತಾರೆ ಅಕ್ಕ. "ಎಲ್ಲರೂ ಹೂಂ ಅಂತಾರೆ. 'ಹೇಗೆ ತಗೋತೀರಿ, ತೋರಿಸಿ' ಅನ್ನಿ. ಇನ್ನೊಂದು ಮಾತು. ಅನುಮಾನ ಪಡಿ, ಆದರೆ ಮೊದಲು ಡಬ್ಬಿ ಮೇಲೆ ಪಡಿ. ಮನುಷ್ಯರ ಸರದಿ ಆಮೇಲೆ."

ಆ ದಿನ ಕಿಟಕಿಗೆ ಅತ್ತೆ ಸೊಸೆ ಇಬ್ಬರು ಬರುತ್ತಾರೆ. ಅತ್ತೆಗೆ ಎಪ್ಪತ್ತರ ಆಸುಪಾಸು, ಹಣೆಯ ಮೇಲೆ ಬಿದ್ದು ಆದ ಗಾಯಕ್ಕೆ ಹಾಕಿದ ಪಟ್ಟಿ. ಮೂರು ವಾರದಿಂದ ಎದ್ದು ನಿಂತರೆ ತಲೆ ಸುತ್ತುತ್ತದೆ, ಎರಡು ಸಲ ಬಿದ್ದಿದ್ದಾರೆ. ಡಾಕ್ಟರು ತಲೆಯ ಸ್ಕ್ಯಾನಿಂಗ್‌ಗೆ ಬರೆದಿದ್ದಾರೆ. ಸೊಸೆ ಮಾತ್ರೆಗಳ ಚೀಲವನ್ನು ಅಚ್ಚುಕಟ್ಟಾಗಿ ಮುಂದಿಡುತ್ತಾಳೆ. ಎಲ್ಲವೂ ಲೆಕ್ಕಕ್ಕೆ ಸರಿ. ಅಕ್ಕನಿಗೆ ಹಿಡಿಸದಿರುವುದು ಅದೇ.

"ಚೀಲ ಇಷ್ಟು ಸರಿಯಾಗಿದ್ದರೆ ಮನೇಲಿ ಇನ್ನೊಂದು ಚೀಲ ಇರುತ್ತೆ" ಎಂದು ವಿದ್ಯಾರ್ಥಿಗಳಿಗೆ ಪಿಸುಗುಟ್ಟಿ, ಅತ್ತೆಯೊಬ್ಬರನ್ನೇ ಒಳಗೆ ಕರೆಯುತ್ತಾರೆ. ಒಳಗೆ ಎಂದರೆ ರಟ್ಟಿನ ಪೆಟ್ಟಿಗೆಗಳು ಸೂರು ಮುಟ್ಟಿರುವ ಉಗ್ರಾಣ. ಕೂರಲು ಗ್ಲೂಕೋಸ್ ಬಾಟಲಿಯ ಪೆಟ್ಟಿಗೆ.

ಹೊರಗೆ ಉಳಿದ ಸೊಸೆ, 'ಗುಬ್ಬಿ' ಎಂದು ಎಲ್ಲರೂ ಕರೆಯುವ ವಿದ್ಯಾರ್ಥಿನಿಯ ಬಳಿ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುತ್ತಾಳೆ: "ನಾನೇನೋ ಹಾಕ್ತಿದೀನಿ ಅಂತ ಅವರಿಗೆ ಗುಮಾನಿ. ಮಾಡಿದ್ದನ್ನೆಲ್ಲ ಮೊದಲು ನಾನು ತಿಂದು ತೋರಿಸಬೇಕು. ನಮ್ಮ ಯಜಮಾನರೂ ಈಗ ನನ್ನ ಕೈಯನ್ನೇ ನೋಡ್ತಿರ್ತಾರೆ. 'ನಾಲ್ಕು ದಿನ ನಿನ್ನ ತಾಯಿ ಮನೇಲಿರು' ಅಂದರು. ಬಟ್ಟೆ ಕಟ್ಟಿಟ್ಟಿದೀನಿ. ಹೋದರೆ ತಪ್ಪು ಒಪ್ಪಿಕೊಂಡ ಹಾಗಲ್ವಾ?"

ಒಳಗೆ ಅತ್ತೆ ಕದವಿಲ್ಲದ ಬಾಗಿಲಿನತ್ತ ಒಮ್ಮೆ ನೋಡಿ, ಅಕ್ಕನ ಕಿವಿಯ ಹತ್ತಿರ ಬಾಗುತ್ತಾರೆ.

"ಅವಳು ಮಾತ್ರೆ ಬದಲಾಯಿಸಿದಾಳೆ ಕಣಮ್ಮ. ಬಿಪಿದು ನಂದು ಬಿಳಿ, ದುಂಡಗೆ ಇತ್ತು. ಹೋದ ತಿಂಗಳಿಂದ ಗುಲಾಬಿ ಬಣ್ಣದ್ದೇನೋ ಕೊಡ್ತಾಳೆ. ನಾನೇನು ನಿನ್ನೆ ಹುಟ್ಟಿದವಳಾ?"

"ಕೊಟ್ಟಿದ್ದನ್ನ ಉಗುಳಿಬಿಡ್ತೀರಾ?"

"ಎಲ್ಲಿ ಉಗುಳೋದು? ಗಂಟಲಿಗೆ ಇಳಿಯೋ ತನಕ ಎದುರಿಗೇ ನಿಂತಿರ್ತಾಳೆ, ಪೊಲೀಸಿನವಳ ಹಾಗೆ."

"ಮತ್ತೆ ನಿಮ್ಮ ಬಿಳಿ ಮಾತ್ರೆ?"

ಅಜ್ಜಿಯ ಮುಖದಲ್ಲಿ ಗೆದ್ದ ನಗು. ಕೈಚೀಲದಿಂದ ಕನ್ನಡಕದ ಡಬ್ಬಿ ತೆಗೆಯುತ್ತಾರೆ. ಒರೆಸುವ ಬಟ್ಟೆಯ ಕೆಳಗೆ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ. "ಹಳೇ ಪಟ್ಟಿ ತೋರಿಸಿ ಮೂಲೆ ಅಂಗಡೀಲಿ ತಂದುಕೊಂಡೆ. ಅವಳು ಆ ಕಡೆ ತಿರುಗಿದ ಕೂಡಲೇ ನಂದು ನಾನು ತಗೋತೀನಿ. ಅದಕ್ಕೇ ಇನ್ನೂ ಬದುಕಿದೀನಿ!"

ಅಕ್ಕ ಸೊಸೆ ತಂದ ಚೀಲದಿಂದ ಗುಲಾಬಿ ಮಾತ್ರೆಯ ಪಟ್ಟಿ ತೆಗೆದು, ಎರಡನ್ನೂ ಪಕ್ಕಪಕ್ಕ ಇಡುತ್ತಾರೆ. ಕಂಪನಿ ಬೇರೆ, ಬಣ್ಣ ಬೇರೆ, ಆಕಾರ ಬೇರೆ. ಸಣ್ಣ ಅಕ್ಷರದಲ್ಲಿ ಬರೆದ ಔಷಧ ಒಂದೇ, ಪ್ರಮಾಣವೂ ಒಂದೇ. ಸೊಸೆ ಕೊಡುವುದೊಂದು, ಸೊಸೆಯ ಮೇಲಿನ ಅನುಮಾನಕ್ಕೆ ನುಂಗುವುದು ಇನ್ನೊಂದು. ರಕ್ತದೊತ್ತಡ ಇಳಿಸುವ ಮಾತ್ರೆ ಎರಡು ಪಾಲು ಒಳಗೆ ಹೋಗುತ್ತಿದೆ. ತಲೆ ಸುತ್ತಿದಷ್ಟೂ ಅನುಮಾನ ಗಟ್ಟಿಯಾಗುತ್ತದೆ, ಅನುಮಾನ ಗಟ್ಟಿಯಾದಷ್ಟೂ ಕನ್ನಡಕದ ಡಬ್ಬಿ ತಪ್ಪದೆ ತೆರೆದುಕೊಳ್ಳುತ್ತದೆ.

ಅಳೆದರೆ ಒತ್ತಡ ಇರಬೇಕಾದುದಕ್ಕಿಂತ ಬಹಳ ಕೆಳಗಿದೆ. ಅಕ್ಕ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ, "ಬಿದ್ದಿದ್ದಾರಲ್ಲ, ಸ್ಕ್ಯಾನಿಂಗ್ ಆಗಲಿ. ನಾಳೆಯಿಂದ ಮಾತ್ರೆ ಒಂದೇ. ವಾರ ಬಿಟ್ಟು ಕಳಿಸಿ" ಎಂಬ ಮಾತು ಬರುತ್ತದೆ.

ಗುಲಾಬಿ ಮಾತ್ರೆ ಹೋದದ್ದು ಈ ಕಿಟಕಿಯಿಂದಲೇ. ಹಳೆಯ ಕಂಪನಿಯದು ಮುಗಿದಿತ್ತು, ಹೊಸದು ಬಂದಿತ್ತು. ಕೊಟ್ಟವಳು ಗುಬ್ಬಿ. ಹೆಸರು ಓದಿದ್ದಳು, ಪ್ರಮಾಣ ನೋಡಿದ್ದಳು, ತಾರೀಖೂ ನೋಡಿದ್ದಳು. ಬಣ್ಣ ಬದಲಾಗಿದೆ, ಔಷಧ ಅದೇ ಎಂಬ ಒಂದು ಮಾತು ಬಾಯಿಂದ ಹೊರಟಿರಲಿಲ್ಲ. ಅವಳ ಕಣ್ಣು ತುಂಬುತ್ತದೆ. ಅಕ್ಕ ಬೈಯುವುದಿಲ್ಲ. "ಅಳೋದು ಮಧ್ಯಾಹ್ನ ಇಟ್ಕೋ. ಈಗ ಹೋಗಿ ಅವರಿಬ್ಬರಿಗೂ ನೀನೇ ಹೇಳು. ಸೊಸೆ ಎದುರಿಗೇ ಹೇಳು."

ಗುಬ್ಬಿ ಹೇಳುತ್ತಾಳೆ. ಭೂತಗನ್ನಡಿ ಹಿಡಿದು ಎರಡು ಪಟ್ಟಿಗಳ ಅಕ್ಷರವನ್ನೂ ಓದಿಸುತ್ತಾಳೆ. ಸೊಸೆ ಗೋಡೆಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅಜ್ಜಿ ಮಾತ್ರ ಸುಲಭದ ಆಸಾಮಿಯಲ್ಲ. "ನೀವೆಲ್ಲ ಅವಳ ಕಡೆಯವರಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?"

"ಗ್ಯಾರಂಟಿ ಏನೂ ಇಲ್ಲ" ಎನ್ನುತ್ತಾರೆ ಅಕ್ಕ. "ಅನುಮಾನ ಇಟ್ಕೊಳ್ಳಿ, ಮಾತ್ರೆ ಮಾತ್ರ ಒಂದೇ ತಗೊಳ್ಳಿ. ನಾಳೆಯಿಂದ ಪಟ್ಟಿಯಿಂದ ನೀವೇ ಬಿಡಿಸಿಕೊಳ್ಳಿ, ಅವಳು ಬರೀ ನೀರು ಕೊಡಲಿ. ಆ ಬಿಳಿ ಪಟ್ಟಿ ಇಲ್ಲಿರಲಿ. ಬೀಳೋದು ನಿಂತರೆ, ಇವಳದೇನೂ ತಪ್ಪಿಲ್ಲ ಅಂತ ಮಗನಿಗೂ ನೀವೇ ಹೇಳಬೇಕು."

ಅಕ್ಕನಿಗೆ ದೊಡ್ಡ ಆಸೆಗಳಿಲ್ಲ. ಉಗ್ರಾಣದ ಮೂಲೆಯಲ್ಲಿ ಎರಡು ಕುರ್ಚಿ, ಒಂದು ಬಾಗಿಲು ಇರುವ ಕೋಣೆ ಬೇಕು ಎನ್ನುತ್ತಾರೆ. ಎರಡು ಸಲ ಕೇಳಿದ್ದಾರೆ, ಔಷಧ ಕೊಡಲು ಬಾಗಿಲು ಯಾಕೆ ಎಂಬ ಉತ್ತರ ಬಂದಿದೆ. "ಹಿಂದೆ ಹತ್ತು ಜನ ನಿಂತಿರುವಾಗ ಕಿಟಕೀಲಿ ಯಾರು ನಿಜ ಹೇಳ್ತಾರೆ ಹೇಳಿ?"

ವಾರದ ಮೇಲೆ ಅತ್ತೆ ಸೊಸೆ ಮತ್ತೆ ಬರುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಏನೂ ಸಿಕ್ಕಿಲ್ಲ. ಹಣೆಯ ಪಟ್ಟಿ ಹೋಗಿದೆ, ಅಜ್ಜಿ ಗೋಡೆ ಹಿಡಿಯದೆ ನಡೆಯುತ್ತಾರೆ. ಕಟ್ಟಿಟ್ಟ ಬಟ್ಟೆ ಬೀರುವಿಗೆ ಮರಳಿದೆಯೆಂದು ಸೊಸೆ ಗುಬ್ಬಿಯ ಕಿವಿಯಲ್ಲಿ ಹೇಳುತ್ತಾಳೆ.

"ಅವಳೇನೂ ಹಾಕಿಲ್ಲ ಅಂತ ಮಗನಿಗೆ ಹೇಳಿದೆ" ಎನ್ನುತ್ತಾರೆ ಅಜ್ಜಿ. ಸ್ವಲ್ಪ ತಡೆದು, "ಈ ವಾರ" ಎಂದು ಸೇರಿಸುತ್ತಾರೆ. ಸೊಸೆಗೇ ಮೊದಲು ನಗು ಬರುತ್ತದೆ.

ಅಕ್ಕ ಕೈ ಚಾಚುತ್ತಾರೆ. ಅಜ್ಜಿ ಕನ್ನಡಕದ ಡಬ್ಬಿ ಕೊಡುತ್ತಾರೆ. ಅಕ್ಕ ಅದನ್ನು ತೆರೆದು, ಕನ್ನಡಕ ಎತ್ತಿ, ಬಟ್ಟೆಯನ್ನೂ ಎತ್ತಿ ನೋಡುತ್ತಾರೆ.

"ಇನ್ನೂ ನನ್ನ ಮೇಲೆ ಅನುಮಾನವಾ?" ಅಜ್ಜಿ ಸಿಡುಕುತ್ತಾರೆ.

"ನಿಮ್ಮ ಮೇಲಲ್ಲಮ್ಮ" ಎಂದು ಅಕ್ಕ ಡಬ್ಬಿ ಮುಚ್ಚಿ ಹಿಂದಿರುಗಿಸುತ್ತಾರೆ. "ಡಬ್ಬಿ ಮೇಲೆ."