ಒಂದೇ ಮಾತಿನ ಬಟನ್

ಮಳೆಗಾಲದಲ್ಲಿ ನಮ್ಮ ಯಜಮಾನರು ಕುರಿ ಹೊಡೆದುಕೊಂಡು ಹಳ್ಳದಾಚೆಯ ದಿಬ್ಬಕ್ಕೆ ಹೋದರೆ ನನಗೆ ಊಟ ಸೇರುವುದಿಲ್ಲ. ಅಲ್ಲಿನ ಹೊಲದವರು ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ತಂಗಿಸಿಕೊಂಡು ಕಾಳು ಕೊಡುತ್ತಾರೆ. ದಿಬ್ಬದ ಒಂದು ಮಗ್ಗುಲಿಗೆ ಘಟಪ್ರಭಾ ಹೊಳೆ, ಇನ್ನೊಂದು ಮಗ್ಗುಲಿಗೆ ಹಳ್ಳ. ಹೊಳೆ ಏರಿದರೆ ನೀರು ಹಿಂದಕ್ಕೆ ಒತ್ತಿ ಮೊದಲು ಹಳ್ಳ ತುಂಬುತ್ತದೆ, ಮನೆಗೆ ಬರುವ ದಾರಿ ಮುಚ್ಚುತ್ತದೆ. ಮಳೆ ಜೋರಾದರೆ ಕರೆಂಟು ಹೋಗಿ, ಅದರ ಹಿಂದೆಯೇ ಮೊಬೈಲ್ ಟವರೂ ಮಲಗುತ್ತದೆ.

ನಾನು ಹುಕ್ಕೇರಿ ಕಡೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವವಳು. ಮೂಡಲಗಿ ಹತ್ತಿರದ ನಮ್ಮ ಊರಿನಿಂದ ಗೋಕಾಕದಲ್ಲಿ ಬಸ್ಸು ಬದಲಿಸಿ ಹೋಗಿಬರುತ್ತೇನೆ. ಹೆದರಿ ಹೆದರಿ ಸಾಕಾಗಿ, ಲ್ಯಾಬಿನ ಎರಡು ಸಾಫ್ಟ್‌ವೇರ್ ರೇಡಿಯೊಗಳನ್ನು ಕೇಳಿ ಮನೆಗೆ ತಂದೆ. ರೇಡಿಯೊ ಎಂದರೆ ಹಾಡು ಕೇಳುವಂಥದ್ದಲ್ಲ. ಅಂಗೈಯಗಲದ ಪೆಟ್ಟಿಗೆ, ಏನು ಕಳಿಸಬೇಕು, ಹೇಗೆ ಕೇಳಬೇಕು ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದುಕೊಡಬೇಕು. ಒಂದನ್ನು ಬ್ಯಾಟರಿ ಸಮೇತ ಡಬ್ಬಿಯಲ್ಲಿಟ್ಟು ದಿಬ್ಬದ ಗುಡಿಸಲಿಗೆಂದು ನಮ್ಮವರಿಗೆ ಕೊಟ್ಟೆ. ಇನ್ನೊಂದನ್ನು ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ಡಬ್ಬಿಗೆ ಒಂದೇ ಬಟನ್. ಒತ್ತಿದರೆ ‘ನೀರು ಬಂತು’ ಎಂಬ ಸಂದೇಶದ ಪ್ಯಾಕೆಟ್ ಮನೆಗೆ ಹೊರಡುತ್ತದೆ.

"ನೀರ ಬಂದ್ರ ಮಾತ್ರ ಒತ್ರಿ," ಎಂದೆ.

"ನಿನ್ನ ಪೆಟಗಿಕಿಂತ ನನ್ನ ನಾಯಿ ಚಲೋ ಒದರತೈತಿ," ಎಂದು ನಗುತ್ತಲೇ ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದರು.

ಆ ಭಾನುವಾರ ಬೆಳಗಿನಿಂದ ಮಳೆ. ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ನೋಡಿದರೆ ಪರದೆಯ ಮೇಲೆ ತಪ್ಪು ಪ್ಯಾಕೆಟ್‌ಗಳ ಲೆಕ್ಕ ಏರುತ್ತಿತ್ತು. ಪ್ರತಿ ಪ್ಯಾಕೆಟ್ಟಿನ ಬಾಲಕ್ಕೆ ಒಂದು ತಾಳೆಯ ಅಂಕಿ ಇರುತ್ತದೆ. ಬಂದದ್ದಕ್ಕೂ ಆ ಅಂಕಿಗೂ ತಾಳೆಯಾಗದಿದ್ದರೆ ಕಂಪ್ಯೂಟರು ಅದನ್ನು ತೋರಿಸದೆ ಎಸೆದು, ತಪ್ಪಿನ ಲೆಕ್ಕಕ್ಕೆ ಒಂದು ಕೂಡಿಸುತ್ತದೆ. ನನಗೆ ಸಿಟ್ಟು ಬಂತು. ಲ್ಯಾಬಿನ ಮೇಜಿನ ಮೇಲೆ ಗಿಣಿಯ ಹಾಗೆ ಮಾತಾಡುತ್ತಿದ್ದ ಪೆಟ್ಟಿಗೆಗಳಿಗೆ ಇವತ್ತೇ ಏನು ಬಂತು ರೋಗ?

ರೇಡಿಯೊದ ಕೇಳಿಸಿಕೊಳ್ಳುವ ಶಕ್ತಿ ಹೆಚ್ಚಿಸಿದೆ, ತಪ್ಪು ನಿಲ್ಲಲಿಲ್ಲ. ತಗ್ಗಿಸಿದೆ, ನಿಲ್ಲಲಿಲ್ಲ. ಪಕ್ಕದ ಮನೆಯ ನೀರಿನ ಮೋಟಾರಿನ ಕಿತಾಪತಿ ಇರಬೇಕು ಎಂದು ಅದನ್ನು ಬೈಯುತ್ತ ಕೂತೆ. ಅಷ್ಟರಲ್ಲಿ ಕರೆಂಟು ಹೋಯಿತು, ಮೋಟಾರೂ ನಿಂತಿತು. ಲ್ಯಾಪ್‌ಟಾಪಿನಲ್ಲಿ ತಪ್ಪು ಮಾತ್ರ ಏರುತ್ತಲೇ ಇತ್ತು.

"ಅವನ ಸುದ್ದಿ ಬಂತೇನ?" ಅತ್ತೆ ಒಳಗಿನಿಂದ ಕೇಳಿದರು.

"ಇಲ್ರಿ ಅತ್ತಿ, ಬರೇ ತಪ್ಪ ಬರಾಕತ್ತಾವು."

ದೋಷ ಒಳಗಿನದೋ ಹೊರಗಿನದೋ ನೋಡೋಣವೆಂದು ಆಂಟೆನಾ ಕಳಚಿದೆ. ಲೆಕ್ಕ ನಿಂತುಬಿಟ್ಟಿತು. ಮತ್ತೆ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಒಂದು ಏರಿತು, ಇನ್ನೊಂದು ಏರಿತು.

ಆಗ ಹೊಳೆಯಿತು. ಪ್ಯಾಕೆಟ್ಟಿನ ಮುಂದೆ ನಾನೇ ಇಟ್ಟ ಗುರುತೊಂದಿದೆ. ಅದು ಕಂಡರೆ ಮಾತ್ರ ಕಂಪ್ಯೂಟರು ಸರಿಯೋ ತಪ್ಪೋ ಎಂದು ತಾಳೆ ನೋಡುತ್ತದೆ. ಆ ಗುರುತು ಈ ಸೀಮೆಯಲ್ಲಿ ಇನ್ಯಾರ ಹತ್ತಿರವೂ ಇಲ್ಲ. ತಪ್ಪು ಬರಬೇಕಾದರೂ ಅದನ್ನು ಅಲ್ಲಿಂದ ಯಾರೋ ಕಳಿಸಬೇಕು. ಇಷ್ಟು ಹೊತ್ತು ನಾನು ಕೆಟ್ಟಿದೆ ಎಂದು ರಿಪೇರಿ ಮಾಡುತ್ತಿದ್ದದ್ದು ನನ್ನ ಗಂಡನ ಕೂಗು. ಅದು ಒಡೆದು ಬಂದರೂ, ಅರ್ಧವೇ ಬಂದರೂ, ಆ ಬಟನ್ನಿಗೆ ಗೊತ್ತಿದ್ದುದು ಒಂದೇ ಮಾತು.

ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ಬಾಜೂ ಮನೆಯ ಕಾಕಾ ಚಹಾ ಕುಡಿಯುತ್ತಿದ್ದರು. ಈಗಷ್ಟೇ ಅವರ ಮೋಟಾರನ್ನು ಬೈದವಳು ಅವರ ಬಾಗಿಲಲ್ಲಿ ನಿಂತು, "ಕಾಕಾ, ಟ್ರ್ಯಾಕ್ಟರ್ ತಗೀರಿ, ಅವ್ರು ಹಳ್ಳದಾಚಿ ಸಿಕ್ಕೊಂಡಾರ" ಎಂದು ಅಳತೊಡಗಿದೆ.

"ಯಾರ ಹೇಳಿದ್ರವ್ವಾ? ಫೋನೇ ಹತ್ತವಲ್ದು."

"ಅವ್ರ ಹೇಳ್ಯಾರ್ರಿ," ಎಂದೆ. ಕಾಕಾ ಕೀಲಿ ತೆಗೆದುಕೊಂಡರು.

ಹಳ್ಳದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ಆಚೆ ಹಿಂಡೆಲ್ಲ ಒಂದೇ ಮುದ್ದೆಯಾಗಿ ನಿಂತಿತ್ತು. ಅದರ ಮುಂದೆ ನಮ್ಮವರು, ಹೆಗಲ ಮೇಲೆ ಮರಿ, ಕಂಕುಳಲ್ಲಿ ಡಬ್ಬಿ. ಮರಿಗಳನ್ನು ಬಿಟ್ಟು ಈಜಿ ಬರುವ ಜಾತಿಯಲ್ಲ ಅವರು. ಕಾಕಾ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ನಿಧಾನಕ್ಕೆ ನೀರಿಗೆ ಇಳಿಸಿದರು, ನಾನು ಕಣ್ಣು ಮುಚ್ಚಿಕೊಂಡೆ. ಹೋಗಿ ಬಂದು ಹೋಗಿ ಬಂದು ಹಿಂಡೆಲ್ಲ ಈಚೆ ಬರುವ ಹೊತ್ತಿಗೆ ನೀರು ಗಾಲಿ ಮುಳುಗಿಸುವಷ್ಟಾಗಿತ್ತು. ಕೊನೆಯ ಸಲಕ್ಕೆ ನಮ್ಮವರು ಬಂದರು.

"ಎಷ್ಟಂತ ಒತ್ತಲಿ? ಬಟ್ಟ ಬಾತೈತಿ ನೋಡ," ಎಂದು ಬೆರಳು ತೋರಿಸಿದರು. ಆ ಬೆರಳು ಹಿಡಿದುಕೊಂಡು ನಿಂತೆ.

ರೋಗ ಮರುದಿನ ಸಿಕ್ಕಿತು: ಡಬ್ಬಿಯ ಆಂಟೆನಾ ಜೋಡಣೆಯೊಳಗೆ ನೀರು ಇಳಿದಿತ್ತು. ಒಣಗಿಸಿ, ಟೇಪು ಸುತ್ತಿ, ಮೇಣ ಮೆತ್ತಿದೆ. ಆಮೇಲೆ ಪ್ಯಾಕೆಟ್‌ಗಳೆಲ್ಲ ಸರಿಯಾಗಿ ಬಂದವು. ಹಾಗಂತ ಹೆದರಿಕೆ ಹೋಗಲಿಲ್ಲ. ಮಳೆ ಬಂದರೆ ಈಗಲೂ ಆ ತಪ್ಪಿನ ಲೆಕ್ಕದ ಮುಂದೆಯೇ ಕೂತಿರುತ್ತೇನೆ.

ಮತ್ತೆ ದಿಬ್ಬಕ್ಕೆ ಹೊರಟಾಗ ನಮ್ಮವರಿಗೆ ಆ ಪೆಟ್ಟಿಗೆಯ ಮೇಲೆ ಭಾರಿ ಪ್ರೀತಿ ಬಂದುಬಿಟ್ಟಿತ್ತು.

"ಇನ್ನೊಂದ ಬಟನ್ ಹಚ್ಚಿಕೊಡ. ‘ಬುತ್ತಿ ಕಳಸು’ ಅಂತ."

"ಬ್ಯಾಡ್ರಿ."

"ಯಾಕ, ಉಪಾಸ ಕೆಡವ್ತಿ ಏನ?"

"ಬುತ್ತಿ ನೀವು ಕೇಳದಿದ್ರೂ ತರ್ತೀನ್ರಿ," ಎಂದೆ. "ಸುದ್ದಿ ಒಡದ ಬಂದ್ರೂ ಏನಂತ ನನಗ ತಿಳೀಬೇಕು. ಬಟನ್ ಒಂದ ಇರ್ಲಿ."