ಪೈಪಿಗೆ ಮೆತ್ತಿದ ಹಲಸಿನ ಮೇಣ

ಆಗ ನನಗೆ ಅರವತ್ತೆಂಟು. ಮೂರು ವರ್ಷ ಹಿಂದಿನ ಮಾತು. ನಮ್ಮ ಯಜಮಾನರ ಕಿಡ್ನಿ ಕೆಟ್ಟು ವರ್ಷ ಆಗಿತ್ತು. ದಿನ ಬಿಟ್ಟು ದಿನ ಕೆದಂಬಾಡಿಯಿಂದ ಪುತ್ತೂರಿಗೆ ಡಯಾಲಿಸಿಸಿಗೆ ಹೋಗಬೇಕು. ತನ್ನ ಕಾರಿನಲ್ಲಿ ಕರೆದುಕೊಂಡು ಹೋಗುವವನು ಪಕ್ಕದ ಮನೆಯ ಬ್ಯಾರಿ, ಗಲ್ಫಿನಲ್ಲಿ ಡ್ರೈವರಾಗಿದ್ದು ಬಂದವನು.

ಡಯಾಲಿಸಿಸ್ ಮುಗಿಸಿ ಮಧ್ಯಾಹ್ನ ಹೊರಗೆ ಬರುವಾಗ ಮನುಷ್ಯ ಹಿಂಡಿದ ಬಟ್ಟೆಯ ಹಾಗೆ ಇರುದು. ಏಸಿಯ ತಂಪಿನಲ್ಲಿ ಕಣ್ಣು ಮುಚ್ಚಿಕೊಂಡು ಹೇಗೋ ಮನೆ ಮುಟ್ಟುದು. ಆ ಬೇಸಿಗೆಯಲ್ಲಿ ಏಸಿ ಕೆಟ್ಟಿತು. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಒಲೆ. ಮೊದಲ ಸಲ ದಾರಿಯಲ್ಲಿ ವಾಂತಿ ಮಾಡಿದರು. ಮನೆ ಮುಟ್ಟಿದ ಮೇಲೆ ಬ್ಯಾರಿ ಬಾನೆಟ್ ತೆಗೆದು, ಜಿಡ್ಡಾಗಿದ್ದ ಒಂದು ಪೈಪು ತೋರಿಸಿ, "ಗ್ಯಾಸು ಸೋರುದು ಇಲ್ಲಿಂದ ಅಕ್ಕ" ಹೇಳಿ ಬಾನೆಟ್ ಹಾಗೆಯೇ ಬಿಟ್ಟು ನಮಾಜಿಗೆ ಹೋದ.

ನಮ್ಮಲ್ಲಿ ಬಕೆಟು ಒಡೆದರೂ, ಗೋಬರ್ ಗ್ಯಾಸಿನ ಪೈಪು ಸೋರಿದರೂ ಹಲಸಿನ ಮೇಣವೇ. ಕೋಲಿಗೆ ಸುತ್ತಿ ಇಟ್ಟದ್ದು ಇತ್ತು. ಬಿಸಿ ಮಾಡಿ ಆ ಪೈಪಿನ ಸಂದಿಗೆ ದಪ್ಪಕ್ಕೆ ಮೆತ್ತಿದೆ. ಯಾರಿಗೂ ಹೇಳಲಿಲ್ಲ.

ಎರಡನೆಯ ಸಲವೂ ಏಸಿ ಇಲ್ಲ, ವಾಂತಿ ಉಂಟು. ಮನೆಗೆ ಬಂದು ಯಜಮಾನರು ಹೇಳಿದರು, "ಇನ್ನು ನಾನು ಹೋಗುದಿಲ್ಲ. ಸಾಯುದಾದರೆ ಇಲ್ಲಿಯೇ ಸಾಯ್ತೇನೆ." ಹೆದರಿಸಲಿಕ್ಕೆ ಹೇಳುವ ಜನ ಅಲ್ಲ ಅವರು. ಡಯಾಲಿಸಿಸ್ ಬಿಟ್ಟರೆ ಎಂತ ಆಗ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.

ಮರುದಿನ ಬ್ಯಾರಿಯ ಜೊತೆ ನಾನೂ ಕುಂಬ್ರದ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಹಳೆ ಪೈಪು ಕಿತ್ತು ಹೊಸತು ಹಾಕಿದ. "ಈಗ ಒಳಗಿನ ಗಾಳಿಯನ್ನೆಲ್ಲ ಮೆಷಿನಿನಲ್ಲಿ ಎಳೀಬೇಕು ಅಮ್ಮ. ಮತ್ತೆ ಅರ್ಧ ಗಂಟೆ ಕಾಯುದು. ಈ ಮೀಟರಿನ ಮುಳ್ಳು ಅಲ್ಲಾಡದಿದ್ದರೆ ಸೋರುದಿಲ್ಲ ಅಂತ ಲೆಕ್ಕ, ಆಗ ಗ್ಯಾಸು ತುಂಬುದು."

ಮುಳ್ಳು ಅಲ್ಲಾಡಿತು. ಬಿಗಿ ಮಾಡಿ ಇನ್ನೊಮ್ಮೆ ಎಳೆದ. ಮತ್ತೂ ಅಲ್ಲಾಡಿತು.

"ಹೊಸ ಪೈಪು, ಹೊಸ ರಬ್ಬರು. ಎಂತ ದೆವ್ವವೋ ಇದು. ನಾಡಿದ್ದು ನೋಡುವ" ಹೇಳಿದ ಮೆಕ್ಯಾನಿಕ್.

ನಾಳೆಯೇ ಡಯಾಲಿಸಿಸ್. ನಾಚಿಕೆ ಬಿಟ್ಟು ಹೇಳಿದೆ, "ಹಲಸಿನ ಮೇಣ ಇರಬೇಕು. ನಾನು ಹಾಕಿದ್ದು."

ಬಿಚ್ಚಿ ನೋಡಿದರೆ ಹೌದು. ರಬ್ಬರು ಕೂರುವ ಸಂದಿಯಲ್ಲಿ ಕಪ್ಪಾಗಿ ಅಂಟಿಕೊಂಡಿತ್ತು. ಹಳೆ ಜಿಡ್ಡು ಅಂತ ಮೆಕ್ಯಾನಿಕ್ ಬಿಟ್ಟಿದ್ದ.

"ನನ್ನ ಕಾರು ಎಂತ, ನಿಮ್ಮ ಬಕೆಟಾ ಅಕ್ಕ?" ಬ್ಯಾರಿ ಕೇಳಿದ.

"ಸೋರುದು ಎರಡೂ ಸೋರ್ತದಲ್ಲ ಮಾರಾಯ."

"ಮೊದಲೇ ಹೇಳಿದ್ದರೆ ನಾನು ಬೈತಿದ್ದೆನಾ?"

"ಬೈತಿದ್ದೆ."

"ಹೌದು, ಬೈತಿದ್ದೆ" ಹೇಳಿದ ಬ್ಯಾರಿ.

ಮೆಕ್ಯಾನಿಕ್ ಚಾಕು ಹಿಡಿದು ಕೆರೆಯಲಿಕ್ಕೆ ಹೊರಟ. ಮೇಣ ಚಾಕುವಿಗೆ ಹೋಗುದಿಲ್ಲ, ಎಣ್ಣೆಗೆ ಹೋಗುದು. ಪಕ್ಕದ ಹೋಟೆಲಿನಿಂದ ತೆಂಗಿನೆಣ್ಣೆ ತಂದು, ಕಡ್ಡಿಗೆ ಬಟ್ಟೆ ಸುತ್ತಿ ನಾನೇ ಉಜ್ಜಿದೆ. ಅವನು ಜಾಗ ಬಿಟ್ಟುಕೊಟ್ಟು ಟಾರ್ಚು ಹಿಡಿದ. ಮತ್ತೆ ಜಿಡ್ಡು ತೆಗೆಯುವ ಅವನ ಔಷಧಿಯಲ್ಲಿ ಒರೆಸಿ, ಬೇರೆ ರಬ್ಬರು ಹಾಕಿ, ಗಾಳಿ ಎಳೆದ. ಅರ್ಧ ಗಂಟೆ ಮೂವರೂ ಮುಳ್ಳನ್ನೇ ನೋಡುತ್ತಾ ಕೂತೆವು. ಅಲ್ಲಾಡಲಿಲ್ಲ. ಗ್ಯಾಸಿನ ಡಬ್ಬಿಯನ್ನು ತಕ್ಕಡಿಯ ಮೇಲೆ ಇಟ್ಟು, ಎಷ್ಟು ಬೇಕೋ ಅಷ್ಟೇ ಬಿಟ್ಟ. ಒಳಗೆ ಕೂತು ಮುಖ ಒಡ್ಡಿದೆ. ತಣ್ಣಗಿತ್ತು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ.

"ಏಸಿ ಸರಿ ಆದರೆ ನನ್ನ ಕಿಡ್ನಿ ಸರಿ ಆಗ್ತದಾ?" ಕೇಳಿದರು.

"ಇಲ್ಲ" ಹೇಳಿದೆ. ಸುಳ್ಳು ಹೇಳಿ ಎಂತ ಆಗಲಿಕ್ಕುಂಟು? ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು.

ಮರುದಿನ ಬೆಳಿಗ್ಗೆ ಬ್ಯಾರಿ ಅಂಗಳಕ್ಕೆ ಕಾರು ತಂದ. ನಾನು ಯಜಮಾನರನ್ನು ಕರೆಯಲಿಲ್ಲ. ಆಸ್ಪತ್ರೆಯ ಫೈಲು, ಅವರು ಹೆಗಲಿಗೆ ಹಾಕುವ ಬೈರಾಸು ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತು, "ಏಸಿ ಹಾಕು" ಹೇಳಿದೆ.

"ಬಾಗಿಲು ಹಾಕಿ ಅಕ್ಕ, ತಂಪೆಲ್ಲ ಹೊರಗೆ ಹೋಗ್ತದೆ."

"ಹೋಗಲಿ."

ಯಜಮಾನರು ಜಗಲಿಯಲ್ಲಿ ನಿಂತು ನೋಡಿದರು. ಸುಮಾರು ಹೊತ್ತು ನಿಂತರು. ಮತ್ತೆ ಮೆಟ್ಟಿಲು ಇಳಿದು ಬಂದು ಕಾರಿನ ಬಾಗಿಲು ಹಿಡಿದುಕೊಂಡು, "ಅತ್ತ ಸರಿ" ಹೇಳಿದರು.

ನಾನು ಸರಿದೆ.